ಮೂರ್ಛೆಯ ಮಗುವಿಗೆ ಗಾಂಜಾ ಗಿಡದ ಔಷಧ: ಕಾನೂನು ರೋಗಿಯನ್ನು ಕಾಯುತ್ತದೆಯೇ?

ನಿಟ್ಟುವಳ್ಳಿಯ ಚಿಕ್ಕಮ್ಮ, ದಾವಣಗೆರೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಮಗನಿಗೆ ಈಗ ಹನ್ನೊಂದು ವರ್ಷ. ಎರಡೂವರೆ ವರ್ಷದವನಿದ್ದಾಗ ಶುರುವಾದ ಫಿಟ್ಸ್ ಇವತ್ತಿಗೂ ನಿಂತಿಲ್ಲ. ಬೆಂಗಳೂರಿನ ನರರೋಗ ತಜ್ಞರು ಇದು ಲೆನಾಕ್ಸ್–ಗ್ಯಾಸ್ಟೊ ಎಂಬ ಬಗೆಯ ಮೂರ್ಛೆರೋಗ ಎಂದು ಹೇಳಿ ಆರು ವರ್ಷವಾಯಿತು. ಲ್ಯಾಮೊಟ್ರಿಜಿನ್ ಕೊಟ್ಟು ನೋಡಿ ಬಿಟ್ಟರು. ಈಗ ವ್ಯಾಲ್‌ಪ್ರೊಯೇಟ್ ಮತ್ತು ಕ್ಲೋಬಜಾಮ್ ನಡೆಯುತ್ತಿವೆ. ಹುಡುಗ ನಿಂತಲ್ಲೇ ಕಡಿದ ಮರದ ಹಾಗೆ ಬಿದ್ದುಬಿಡುತ್ತಾನೆ. ಹಾಗಾಗಿ ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಅವನ ತಲೆಗೆ ಹೆಲ್ಮೆಟ್ ಇರಲೇಬೇಕು. ಅಕ್ಕ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ, ಅವನು ಒಂದೊಂದು ಸಲ ಬಿದ್ದಾಗಲೂ ಒಂದೊಂದು ಗೀಟು ಎಳೆಯುತ್ತಾಳೆ. ನಾಲ್ಕು ಗೀಟಾದ ಮೇಲೆ ಐದನೆಯದನ್ನು ಅಡ್ಡಲಾಗಿ ಎಳೆಯುತ್ತಾಳೆ. ಕಳೆದ ತಿಂಗಳ ಪುಟಗಳಲ್ಲಿ ಗೀಟಿಲ್ಲದ ದಿನಗಳು ಮೂರೇ ಮೂರು.

ಗಾಂಜಾ ಗಿಡದಿಂದ ತೆಗೆದ ಕ್ಯಾನಬಿಡಿಯಾಲ್ ಎಂಬ ಅಂಶದ ಔಷಧಕ್ಕೆ ಅಮೆರಿಕದಲ್ಲಿ ಇದೇ ಕಾಯಿಲೆಗೆ ಮಂಜೂರಾತಿ ಸಿಕ್ಕಿದೆ ಎಂದು ಕಳೆದ ಭೇಟಿಯಲ್ಲಿ ತಜ್ಞರು ತಿಳಿಸಿದರು. ದಾವಣಗೆರೆಯ ಯಾವ ಔಷಧ ಅಂಗಡಿಯಲ್ಲಿ ಕೇಳಿದರೂ ಇಲ್ಲ ಎಂದರು. ಒಂದು ಅಂಗಡಿಯಲ್ಲಂತೂ ಚೀಟಿಯನ್ನು ಎರಡು ಸಲ ಓದಿ, ನನ್ನ ಮುಖ ನೋಡಿ, ಏನೂ ಮಾತನಾಡದೆ ಹಿಂದಕ್ಕೆ ಕೊಟ್ಟರು. ಈ ನಡುವೆ ಪರಿಚಯದವರೊಬ್ಬರು ಹೊರರಾಜ್ಯದಿಂದ ಒಂದು ಸಣ್ಣ ಬಾಟಲಿ ಎಣ್ಣೆ ತರಿಸಿಕೊಡುವುದಾಗಿ ಹೇಳಿದ್ದಾರೆ. ಅವರು ತೋರಿಸಿದ ಮಾದರಿಯ ಬಾಟಲಿಯಲ್ಲಿ ಕಪ್ಪಗಿನ, ಅಂಟಂಟಾದ ದ್ರವವಿತ್ತು, ಮೇಲೆ ಯಾವ ಚೀಟಿಯೂ ಇರಲಿಲ್ಲ. ಭಾವ ಒಪ್ಪಲಿಲ್ಲ. ದಾರಿಯಲ್ಲಿ ಹಿಡಿದರೆ ಮಗುವಿನ ಔಷಧ ಎಂದರೆ ಯಾರು ನಂಬುತ್ತಾರೆ, ನಾನು ಒಳಗೆ ಹೋದರೆ ಇವನನ್ನು ಎತ್ತಿಕೊಳ್ಳುವವರು ಯಾರು ಎಂಬುದು ಅವರ ಪ್ರಶ್ನೆ.

ನನ್ನ ಪ್ರಶ್ನೆಯೂ ಅದೇ. ಸೇದುವವನು, ಮಾರುವವನು ಮತ್ತು ವೈದ್ಯರ ಸಲಹೆಯ ಮೇಲೆ ಔಷಧವಾಗಿ ಇಟ್ಟುಕೊಂಡವನು, ಈ ಮೂವರನ್ನು ನಮ್ಮ ಕಾನೂನು ಬೇರೆ ಬೇರೆಯಾಗಿ ನೋಡುತ್ತದೆಯೇ? ನೋಡುವುದಿಲ್ಲವಾದರೆ ಬದಲಾಗಬೇಕಾದದ್ದು ನಿಖರವಾಗಿ ಏನು? ಗಾಂಜಾವನ್ನು ಪೂರ್ತಿ ಮುಕ್ತಗೊಳಿಸಬೇಕು ಎನ್ನುವವರೂ, ಅದರ ಹೆಸರನ್ನೇ ಎತ್ತಬಾರದು ಎನ್ನುವವರೂ ನಮ್ಮ ಬಳಗದಲ್ಲಿದ್ದಾರೆ. ಅವರಿಬ್ಬರ ಜಗಳದಲ್ಲಿ ನಮ್ಮ ಹುಡುಗನ ವಿಷಯ ಕಳೆದುಹೋಗುತ್ತಿದೆ. ದಯವಿಟ್ಟು ತಿಳಿದವರು ಉತ್ತರಿಸಬೇಕು.

ದುರ್ಗದ ವಕೀಲ, ಚಿತ್ರದುರ್ಗ

ಮೇಡಂ, ಮೊದಲು ನಿಮ್ಮ ಭಾವನವರ ಭಯ ಸರಿಯಾದದ್ದು ಎಂದು ಹೇಳಿಬಿಡುತ್ತೇನೆ. ಆ ಕಪ್ಪು ಎಣ್ಣೆಯನ್ನು ತರಿಸಬೇಡಿ. ಏಕೆಂಬುದನ್ನು ವಿವರಿಸುತ್ತೇನೆ, ಇದರಲ್ಲೇ ನಿಮ್ಮ ಪ್ರಶ್ನೆಯ ಅರ್ಧ ಉತ್ತರವಿದೆ.

1985ರ ನವೆಂಬರ್ 14ರಂದು ಜಾರಿಗೆ ಬಂದ ಮಾದಕ ದ್ರವ್ಯ ಮತ್ತು ಮನೋಪ್ರಭಾವಿ ವಸ್ತುಗಳ ಕಾಯ್ದೆ, ಅಂದರೆ ನಾವೆಲ್ಲ ಎನ್‌ಡಿಪಿಎಸ್ ಎನ್ನುವ ಕಾಯ್ದೆ, ಗಾಂಜಾ ಗಿಡವನ್ನು ಇಡಿಯಾಗಿ ನಿಷೇಧಿಸಿದೆ ಎಂಬುದು ಜನರ ಸಾಮಾನ್ಯ ತಿಳಿವಳಿಕೆ. ಅದು ಪೂರ್ತಿ ನಿಜವಲ್ಲ. ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂವಿನ ಅಥವಾ ಕಾಯಿಯ ತುದಿ. ತುದಿಯ ಜೊತೆ ಇಲ್ಲದ ಎಲೆ ಮತ್ತು ಬೀಜ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಈ ಕಾರಣದಿಂದಲೇ 2022ರಲ್ಲಿ ನಮ್ಮ ಹೈಕೋರ್ಟ್ ಒಂದು ಜಾಮೀನು ಅರ್ಜಿಯನ್ನು ವಿಚಾರಿಸುವಾಗ ಎಲೆಯಿಂದ ಮಾಡುವ ಭಂಗಿಯನ್ನು ಈ ಕಾಯ್ದೆ ನಿಷೇಧಿಸಿಲ್ಲ ಎಂದು ಹೇಳಿತು. ಆದರೆ ಗಿಡದಿಂದ ತೆಗೆದ ಅಂಟು ಮತ್ತು ಅದರ ಸಾಂದ್ರ ರೂಪ, ಹಶೀಶ್ ಎಣ್ಣೆ ಎಂದು ಕರೆಯುವುದನ್ನೂ ಸೇರಿಸಿ, ಚರಸ್ ಎನಿಸಿಕೊಳ್ಳುತ್ತದೆ. ಗಾಂಜಾಕ್ಕೆ 1 ಕೆ.ಜಿ.ವರೆಗೆ ಅಲ್ಪ ಪ್ರಮಾಣ, 20 ಕೆ.ಜಿ.ಗೆ ವಾಣಿಜ್ಯ ಪ್ರಮಾಣ. ಚರಸ್‌ಗೆ ಈ ಗೆರೆಗಳು 100 ಗ್ರಾಂ ಮತ್ತು 1 ಕೆ.ಜಿ. ಅಲ್ಪ ಪ್ರಮಾಣಕ್ಕೆ ಒಂದು ವರ್ಷದವರೆಗೆ ಸೆರೆ ಅಥವಾ ಹತ್ತು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ. ವಾಣಿಜ್ಯ ಪ್ರಮಾಣವಾದರೆ ಹತ್ತು ವರ್ಷಕ್ಕಿಂತ ಕಡಿಮೆಯಿಲ್ಲದ ಶಿಕ್ಷೆ. ಚೀಟಿಯಿಲ್ಲದ ಕಪ್ಪು ಬಾಟಲಿಯೊಂದು ಪೊಲೀಸರ ಕೈಗೆ ಸಿಕ್ಕರೆ ಅದು ಎಲೆಯದೋ, ಹೂವಿನದೋ, ಅಂಟಿನದೋ ಎಂಬುದು ಎಫ್‌ಎಸ್‌ಎಲ್, ಅಂದರೆ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬರುವವರೆಗೆ ತೀರ್ಮಾನವಾಗುವುದಿಲ್ಲ. ಮೇಲಾಗಿ ಈ ಕಾಯ್ದೆಯಡಿ ವಸ್ತು ನಿಮ್ಮ ಬಳಿ ಸಿಕ್ಕಿತೆಂದು ಸಾಬೀತಾದ ಮೇಲೆ, ಅದಕ್ಕೆ ಸರಿಯಾದ ಕಾರಣ ಕೊಡುವ ಹೊರೆ ನಿಮ್ಮ ಮೇಲೆಯೇ ಬೀಳುತ್ತದೆ.

ಇನ್ನು ರೋಗಿಯ ವಿಷಯ. ಕಲಂ 8 ಎಲ್ಲವನ್ನೂ ನಿಷೇಧಿಸುವಾಗಲೇ ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಗಳನ್ನು ಹೊರಗಿಟ್ಟಿದೆ. ಇಷ್ಟೇ ಅಲ್ಲ, ಕಾಯ್ದೆಯ ವ್ಯಾಖ್ಯೆಗಳಲ್ಲಿ ‘ಔಷಧೀಯ ಗಾಂಜಾ’ ಎಂಬ ಪದವೇ ಇದೆ, ಗಾಂಜಾದ ಸಾರ ಅಥವಾ ಟಿಂಕ್ಚರ್ (ಮದ್ಯಸಾರದಲ್ಲಿ ಇಳಿಸಿದ ದ್ರಾವಣ) ಎಂದು ಅದಕ್ಕೆ ಅರ್ಥ ಕೊಟ್ಟಿದ್ದಾರೆ. ಇದನ್ನು ನಾನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಈ ಬೇಡಿಕೆ ಕಾಯ್ದೆಗೆ ಹೊರಗಿನದು ಎಂದು ಹೇಳುವವರು ಕಾಯ್ದೆಯನ್ನು ತೆರೆದು ನೋಡಿಲ್ಲ. ಅದನ್ನು ತಯಾರಿಸಲು ಅನುಮತಿ ಕೊಟ್ಟು ನಿಯಂತ್ರಿಸುವ ಅಧಿಕಾರ ಕಲಂ 9ರಲ್ಲಿ ಕೇಂದ್ರಕ್ಕಿದೆ. ಇಂಥ ತಯಾರಾದ ಔಷಧವನ್ನು ಇಟ್ಟುಕೊಳ್ಳುವುದು, ಮಾರುವುದು, ಬಳಸುವುದು ಹೇಗೆಂಬ ನಿಯಮ ಮಾಡುವ ಅಧಿಕಾರ ಕಲಂ 10ರಲ್ಲಿ ರಾಜ್ಯಕ್ಕಿದೆ. ಅಧಿಕಾರ ಇದ್ದೂ ರೋಗಿಗೆ ಉಪಯೋಗವಾಗುವ ನಿಯಮ ಇಲ್ಲದಿರುವುದು ನಿಮ್ಮ ತೊಂದರೆಯ ಮೂಲ.

ಹೋಲಿಸಿ ನೋಡಿ. ಮನೋಪ್ರಭಾವಿ ಮಾತ್ರೆಗಳ ವಿಷಯದಲ್ಲಿ ಎನ್‌ಡಿಪಿಎಸ್ ನಿಯಮಗಳ 66ನೇ ನಿಯಮವು ಸ್ವಂತ ಚಿಕಿತ್ಸೆಗೆಂದು ಒಬ್ಬ ವ್ಯಕ್ತಿ ಒಂದು ಹೊತ್ತಿಗೆ 100 ಡೋಸ್‌ಗಳವರೆಗೆ ಇಟ್ಟುಕೊಳ್ಳಬಹುದು ಎಂದು ಸ್ಪಷ್ಟವಾಗಿ ಹೇಳುತ್ತದೆ. ಪೊಲೀಸ್ ಕೇಳಿದರೆ ತೋರಿಸಲು ರೋಗಿಯ ಕೈಯಲ್ಲಿ ಒಂದು ನಿಯಮ ಇದೆ. ಇನ್ನೊಂದು ಉದಾಹರಣೆ ಕಲಂ 64ಎ. ಅಲ್ಪ ಪ್ರಮಾಣದ ಅಪರಾಧದಲ್ಲಿ ಸಿಲುಕಿದ ವ್ಯಸನಿ ತಾನಾಗಿ ಚಿಕಿತ್ಸೆಗೆ ಮುಂದೆ ಬಂದರೆ ಅವನ ಮೇಲೆ ವಿಚಾರಣೆ ನಡೆಸುವಂತಿಲ್ಲ. ಒಳ್ಳೆಯ ಕಲಂ ಅದು, ಇರಲೇಬೇಕು. ಆದರೆ ವ್ಯಸನಿಗೆ ಸಿಕ್ಕ ಈ ರಕ್ಷಣೆ ಎಂದೂ ವ್ಯಸನಿಯಾಗದ, ಹನ್ನೊಂದು ವರ್ಷದ ಮಗುವಿಗೆ ಔಷಧ ಹುಡುಕುವ ತಂದೆಗೆ ಸಿಗುತ್ತಿಲ್ಲ. ಇದು ನ್ಯಾಯವಲ್ಲ ಎಂದು ನಾನು ಹೇಳುತ್ತೇನೆ, ಕೋರ್ಟಿನಲ್ಲೂ ಹೇಳಲು ಸಿದ್ಧ.

ಮಕ್ಕಳ ವೈದ್ಯೆ, ದಾವಣಗೆರೆ

ವಕೀಲರು ಕಾನೂನಿನ ಮಾತು ಹೇಳಿದರು. ನಾನು ಆ ಬಾಟಲಿಯ ಬಗ್ಗೆ ವೈದ್ಯೆಯಾಗಿ ಹೇಳಬೇಕಾದದ್ದು ಇದೆ. ಅದಕ್ಕೂ ಮುನ್ನ ನಿಮ್ಮ ಅಕ್ಕನಿಗೆ ಒಂದು ಮಾತು ತಿಳಿಸಿ: ಆ ಗೀಟಿನ ನೋಟ್‌ಬುಕ್ ನಮ್ಮಂಥವರಿಗೆ ಎಷ್ಟೋ ಪರೀಕ್ಷೆಗಳಿಗಿಂತ ಹೆಚ್ಚು ಉಪಯೋಗದ್ದು, ಅದನ್ನು ನಿಲ್ಲಿಸಬಾರದು.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2018ರ ಜೂನ್‌ನಲ್ಲಿ ಎಪಿಡಿಯೋಲೆಕ್ಸ್ ಎಂಬ ಕ್ಯಾನಬಿಡಿಯಾಲ್ ದ್ರಾವಣಕ್ಕೆ ಲೆನಾಕ್ಸ್–ಗ್ಯಾಸ್ಟೊ ಮತ್ತು ಡ್ರಾವೆ ಸಿಂಡ್ರೋಮ್ ಎಂಬ ಇನ್ನೊಂದು ಬಗೆಯ ಮೂರ್ಛೆರೋಗದಲ್ಲಿ ಬಳಸಲು ಒಪ್ಪಿಗೆ ನೀಡಿತು. 2020ರಲ್ಲಿ ಫಿಟ್ಸ್ ತರುವ ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಯೂ ಸೇರಿತು. ಲೆನಾಕ್ಸ್–ಗ್ಯಾಸ್ಟೊ ರೋಗಿಗಳ ಮೇಲೆ ನಡೆದ ಒಂದು ದೊಡ್ಡ ಪರೀಕ್ಷೆಯಲ್ಲಿ, ನಿಮ್ಮ ಹುಡುಗನಿಗೆ ಆಗುವಂಥ ಬೀಳುವ ಫಿಟ್ಸ್ ಹೆಚ್ಚಿನ ಡೋಸ್ ಪಡೆದವರಲ್ಲಿ ಸುಮಾರು ಶೇ 42ರಷ್ಟು ಇಳಿದವು. ಬರೀ ಹುಸಿ ಔಷಧ ಪಡೆದವರಲ್ಲೂ ಶೇ 17ರಷ್ಟು ಇಳಿದವು. ಈ ಎರಡು ಅಂಕಿಗಳನ್ನೂ ಒಟ್ಟಿಗೆ ಓದಬೇಕು. ಔಷಧಕ್ಕೆ ಗುಣವಿದೆ ಎಂಬುದು ನಿಜ, ಪವಾಡವಿಲ್ಲ ಎಂಬುದೂ ಅಷ್ಟೇ ನಿಜ. ಕ್ಯಾನಬಿಡಿಯಾಲ್ ನಶೆ ಬರಿಸುವ ಅಂಶವಲ್ಲ. ನಶೆಯ ಅಂಶ ಟಿಎಚ್‌ಸಿ ಬೇರೆ.

ಈಗ ಬಾಟಲಿಯ ಲೆಕ್ಕ ಹಾಕೋಣ. ಹುಡುಗನ ತೂಕ 25 ಕೆ.ಜಿ. ಎಂದಿಟ್ಟುಕೊಳ್ಳಿ. ಆ ಔಷಧದ ರೂಢಿಯ ನಿರ್ವಹಣಾ ಡೋಸ್ ದಿನಕ್ಕೆ ಪ್ರತಿ ಕೆ.ಜಿ.ಗೆ 10 ಮಿ.ಗ್ರಾಂ, ಅಂದರೆ ಇವನಿಗೆ ದಿನಕ್ಕೆ 250 ಮಿ.ಗ್ರಾಂ. ಒಂದು ಬಾಟಲಿಯಲ್ಲಿ 1000 ಮಿ.ಗ್ರಾಂ ಇದೆ ಎಂದು ಯಾರಾದರೂ ಹೇಳಿದರೆ, ಅವರ ಮಾತು ನಿಜವೇ ಆಗಿದ್ದರೂ ಅದು ನಾಲ್ಕು ದಿನಕ್ಕೆ ಮುಗಿಯುತ್ತದೆ. ಆ ಮಾತು ನಿಜ ಎಂದು ಹೇಳುವವರು ಯಾರು? ಅದರಲ್ಲಿ ಟಿಎಚ್‌ಸಿ ಎಷ್ಟಿದೆ, ಕೀಟನಾಶಕ ಎಷ್ಟಿದೆ, ಮುಂದಿನ ತಿಂಗಳ ಬಾಟಲಿ ಈ ತಿಂಗಳಿನದರ ಹಾಗೇ ಇರುತ್ತದೆಯೇ, ಇದಾವುದೂ ಗೊತ್ತಿಲ್ಲದೆ ಮಗುವಿನ ಬಾಯಿಗೆ ಹನಿ ಹಾಕಲಾಗದು. ಅದಕ್ಕಿಂತ ಮುಖ್ಯವಾದದ್ದು, ಅವನು ಈಗ ತೆಗೆದುಕೊಳ್ಳುತ್ತಿರುವ ಎರಡೂ ಔಷಧಗಳಿಗೂ ಕ್ಯಾನಬಿಡಿಯಾಲ್‌ಗೂ ಹೊಂದಾಣಿಕೆಯ ತೊಂದರೆ ಇದೆ. ಕ್ಲೋಬಜಾಮ್ ಜೊತೆ ಸೇರಿದರೆ ಮಂಪರು ಬಹಳ ಹೆಚ್ಚುತ್ತದೆ; ವ್ಯಾಲ್‌ಪ್ರೊಯೇಟ್ ಜೊತೆ ಸೇರಿದರೆ ಯಕೃತ್ತಿನ ಕಿಣ್ವಗಳು ಏರುವ ಅಪಾಯವಿದೆ. ರಕ್ತಪರೀಕ್ಷೆ ಮಾಡಿಸುತ್ತಾ, ಹಳೆಯ ಔಷಧದ ಪ್ರಮಾಣವನ್ನು ಸರಿಪಡಿಸುತ್ತಾ ಕೊಡಬೇಕಾದ ಔಷಧ ಇದು. ಕದ್ದು ತಂದರೆ ನೀವು ವೈದ್ಯರಿಂದಲೂ ಮುಚ್ಚಿಡುತ್ತೀರಿ, ಅದೇ ದೊಡ್ಡ ಅಪಾಯ. ಕಾನೂನಿನ ಭಯದಿಂದ ವಿಷಯ ಮುಚ್ಚಿಟ್ಟು, ಮಗು ಎಚ್ಚರ ತಪ್ಪಿದ ಮೇಲೆ ಕರೆತಂದವರನ್ನು ನಾನು ನೋಡಿದ್ದೇನೆ. ಏನು ಕೊಟ್ಟಿರಿ ಎಂದು ಮೂರು ಸಲ ಕೇಳಿದರೂ ಆ ತಂದೆ ಬಾಗಿಲ ಕಡೆಯೇ ನೋಡುತ್ತಿದ್ದರು.

ಇನ್ನೊಂದು ಸಂಗತಿ. ಇದೇ ಕಾಯ್ದೆಯಿಂದ ನಾವು ಒಮ್ಮೆ ದೊಡ್ಡ ನೋವು ತಿಂದಿದ್ದೇವೆ, ಅದನ್ನು ಮರೆಯಬಾರದು. 1985ರ ನಂತರ, ಅಫೀಮಿನಿಂದ ತೆಗೆಯುವ ನೋವು ನಿವಾರಕ ಮಾರ್ಫಿನ್ ಇಟ್ಟುಕೊಳ್ಳಲು ಆಸ್ಪತ್ರೆಗಳು ಬೇರೆ ಬೇರೆ ಇಲಾಖೆಗಳಿಂದ ನಾಲ್ಕೈದು ಲೈಸೆನ್ಸ್ ಪಡೆಯಬೇಕಾಯಿತು, ಒಂದು ಸಿಗುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿಯುತ್ತಿತ್ತು. ಅಫೀಮು ಬೆಳೆಯುವ ದೇಶದಲ್ಲೇ ಕ್ಯಾನ್ಸರ್ ರೋಗಿಗಳು ಮಾರ್ಫಿನ್ ಇಲ್ಲದೆ ನರಳಿ ಸತ್ತರು. 2014ರ ತಿದ್ದುಪಡಿಯಲ್ಲಿ ‘ಅತ್ಯಾವಶ್ಯಕ ಮಾದಕ ಔಷಧ’ ಎಂಬ ವರ್ಗ ಮಾಡಿ, ಮಾರ್ಫಿನ್, ಫೆಂಟನಿಲ್, ಮೆಥಡೋನ್, ಕೊಡೀನ್ ಮುಂತಾದ ಆರು ಔಷಧಗಳನ್ನು ಅದಕ್ಕೆ ಸೇರಿಸಿ, ಮಾನ್ಯತೆ ಪಡೆದ ಆಸ್ಪತ್ರೆಗೆ ದೇಶದ ಎಲ್ಲೆಡೆ ಒಂದೇ ಬಗೆಯ ನಿಯಮ ಸಾಕು ಎಂದು ಮಾಡಿದರು. ಆದ್ದರಿಂದ ಮಾರ್ಫಿನ್ ಬೀದಿಗೆ ಬರಲಿಲ್ಲ, ರೋಗಿಯ ಹಾಸಿಗೆಯ ಬಳಿಗೆ ಬಂತು. ಗಾಂಜಾ ಮೂಲದ ಔಷಧಕ್ಕೂ ಇದೇ ದಾರಿ ಸಾಕು ಎಂಬುದು ನನ್ನ ಅಭಿಪ್ರಾಯ. ಆದರೆ ಇಂಥ ಔಷಧ ಯಾವ ಯಾವ ಕಾಯಿಲೆಗೆ ಎಂಬುದನ್ನು ಬಿಗಿಯಾಗಿ ಹೇಳಬೇಕು. ಈ ಬಗೆಯ ಮೂರ್ಛೆ, ಕೀಮೋಥೆರಪಿಯಲ್ಲಿ ಬೇರೆ ಔಷಧಕ್ಕೆ ಬಗ್ಗದ ವಾಂತಿ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದ ಸ್ನಾಯು ಬಿಗಿತ, ಇವುಗಳಿಗೆ ಆಧಾರವಿದೆ. ಸಕ್ಕರೆ ಕಾಯಿಲೆಯಿಂದ ಹಿಡಿದು ಕ್ಯಾನ್ಸರ್ ಗೆಡ್ಡೆಯವರೆಗೆ ಎಲ್ಲವೂ ಗುಣವಾಗುತ್ತದೆ ಎಂದು ಮೊಬೈಲಿನಲ್ಲಿ ಹರಿದಾಡುವ ಮಾತುಗಳಿಗೆ ಆಧಾರವಿಲ್ಲ.

ನಿವೃತ್ತ ಮೇಷ್ಟ್ರು, ಹಿರಿಯೂರು

ತಾಯಿ, ನಿಮ್ಮ ಹುಡುಗನ ಕಥೆ ಓದಿ ಮನಸ್ಸು ಭಾರವಾಯಿತು. ಆದರೂ ನಾನು ಇಲ್ಲಿ ಬೇರೆಯ ಮಾತನ್ನು ಹೇಳಲೇಬೇಕು, ಯಾರೂ ತಪ್ಪು ತಿಳಿಯಬಾರದು.

ನನ್ನ ತಮ್ಮನ ಮಗ ಪಿಯುಸಿಯಲ್ಲಿದ್ದಾಗ ಗಾಂಜಾ ಸೇದಲು ಕಲಿತ. ಹತ್ತನೇ ತರಗತಿಯಲ್ಲಿ ಗಣಿತದಲ್ಲಿ ನೂರಕ್ಕೆ ತೊಂಬತ್ತಾರು ತೆಗೆದವನು. ಎರಡು ವರ್ಷದಲ್ಲಿ ಗೋಡೆಯೊಳಗೆ ಯಾರೋ ತನ್ನ ಬಗ್ಗೆ ಮಾತನಾಡುತ್ತಾರೆ ಎನ್ನಲು ಶುರುಮಾಡಿ, ಒಂದು ರಾತ್ರಿ ಸ್ವಿಚ್‌ಬೋರ್ಡುಗಳನ್ನೆಲ್ಲ ಕಿತ್ತು ಹಾಕಿದ. ಬೆಂಗಳೂರಿನಲ್ಲಿ ಚಿಕಿತ್ಸೆ ಕೊಡಿಸಿದೆವು. ಈಗ ಇಪ್ಪತ್ತೇಳು ವರ್ಷ, ಮಾತ್ರೆ ನುಂಗಿ ತೋಟದ ಮನೆಯಲ್ಲಿ ಸುಮ್ಮನೆ ಕೂತಿರುತ್ತಾನೆ. ಎಳೆಯ ವಯಸ್ಸಿನ ಮೆದುಳಿಗೆ ಇದು ಹೆಚ್ಚು ಅಪಾಯ ಎಂದು ವೈದ್ಯರೇ ನಮಗೆ ಹೇಳಿದರು.

2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 3.1 ಕೋಟಿ ಜನ ಹಿಂದಿನ ಒಂದು ವರ್ಷದಲ್ಲಿ ಭಂಗಿ, ಗಾಂಜಾ, ಚರಸ್ ಇವುಗಳಲ್ಲಿ ಒಂದನ್ನಾದರೂ ಬಳಸಿದ್ದರು. ನಿಷೇಧವಿದ್ದಾಗಲೇ ಇಷ್ಟು. ಔಷಧ ಎಂಬ ಹೆಸರಿನಲ್ಲಿ ಬಾಗಿಲು ಸ್ವಲ್ಪ ತೆರೆದರೆ ಏನಾಗುತ್ತದೆ ಎಂಬುದಕ್ಕೆ ಥಾಯ್ಲೆಂಡ್ ಕಣ್ಣ ಮುಂದಿದೆ. ಅಲ್ಲಿ 2018ರ ಕೊನೆಯಲ್ಲಿ ವೈದ್ಯಕೀಯ ಬಳಕೆಗೆಂದು ಕಾನೂನು ಮಾಡಿದರು. 2022ರ ಜೂನ್‌ನಲ್ಲಿ ಗಿಡವನ್ನೇ ಮಾದಕ ವಸ್ತುಗಳ ಪಟ್ಟಿಯಿಂದ ತೆಗೆದರು, ಬೀದಿ ಬೀದಿಯಲ್ಲಿ ಅಂಗಡಿಗಳು ಹುಟ್ಟಿಕೊಂಡವು, ಕೊನೆಗೆ 2025ರಲ್ಲಿ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂದು ಹಿಂದಕ್ಕೆ ಎಳೆದುಕೊಳ್ಳಬೇಕಾಯಿತು. ನೀವು ಕೇಳುತ್ತಿರುವುದು ಒಂದು ಮಗುವಿನ ಔಷಧ, ಆದರೆ ನಿಮ್ಮ ಬೆನ್ನ ಹಿಂದೆ ನಿಂತು ಕೇಳುವವರು ಬೇರೆಯೇ ಇರುತ್ತಾರೆ. ಅವರಿಂದ ನಿಮ್ಮ ಬೇಡಿಕೆಯನ್ನು ಬೇರ್ಪಡಿಸಿ ಸರ್ಕಾರಕ್ಕೆ ಮನವಿ ಹೇಗೆ ಬರೆಯುತ್ತೀರಿ ಎಂಬುದನ್ನು ವಕೀಲರು ತಿಳಿಸಿದರೆ ಅದಕ್ಕೆ ನಾನು ಸಹಿ ಹಾಕುವ ಬಗ್ಗೆ ಯೋಚಿಸುತ್ತೇನೆ.

ಮೊಳಕಾಲ್ಮುರು ಕಡೆಯ ರೈತ

ಮೇಷ್ಟ್ರ ಸಂಕಟ ಅರ್ಥವಾಗುತ್ತದೆ. ಆದರೆ ಕಾಯ್ದೆ ಯಾರ ಮೇಲೆ ಬೀಳುತ್ತಿದೆ ಎಂಬುದನ್ನೂ ನೋಡಬೇಕು. ನಮ್ಮ ಪಕ್ಕದ ಹೊಲದವರ ತೊಗರಿ ಸಾಲಿನ ನಡುವೆ ಗಿಡಗಳಿದ್ದವು. ತಪ್ಪು ತಪ್ಪೇ, ನಾನು ಸಮರ್ಥಿಸುವುದಿಲ್ಲ. ಪೊಲೀಸರು ಬಂದು ಬೇರು ಸಮೇತ ಕಿತ್ತು, ಮಣ್ಣು ಕೊಡವಿ, ಹಸಿಗಿಡಗಳನ್ನು ಕಾಂಡ, ಕೊಂಬೆ, ಎಲೆ ಎಲ್ಲ ಸೇರಿಸಿ ತಕ್ಕಡಿಗೆ ಹಾಕಿದರು. ಪಂಚನಾಮೆಯಲ್ಲಿ 34 ಕೆ.ಜಿ. ಎಂದು ಬರೆದರು. ಪಂಚನಾಗಿ ಸಹಿ ಹಾಕಿದವನು ನಾನೇ. ಬಿತ್ತಲು ದುಡ್ಡು ಕೊಟ್ಟವನು, ಬೆಳೆ ಒಯ್ಯಲು ಬರಬೇಕಿದ್ದವನು ಯಾರೆಂದು ಇವತ್ತಿಗೂ ಪತ್ತೆಯಿಲ್ಲ. ಜಮೀನಿನವರು ಏಳು ತಿಂಗಳು ಜೈಲಿನಲ್ಲಿದ್ದು ಬಂದರು, ಎರಡು ಎತ್ತು ಮಾರಿದರು. ವ್ಯಾಖ್ಯೆಯಲ್ಲಿ ಹೂವಿನ ತುದಿ ಮಾತ್ರ ಗಾಂಜಾ ಎಂದು ವಕೀಲರು ಬರೆದಿದ್ದಾರಲ್ಲ, ಆ ಮಾತು ನಮ್ಮ ಹೊಲದ ಬದುವಿನವರೆಗೆ ಬಂದಿರಲಿಲ್ಲ.

ಔಷಧಕ್ಕೆ ಬೆಳೆ ಬೇಕಾದರೆ ಲೈಸೆನ್ಸ್ ಕೊಟ್ಟು ನಮ್ಮಂಥವರ ಕೈಯಲ್ಲಿ ಬೆಳೆಸಬಹುದಲ್ಲವೇ?

ದುರ್ಗದ ವಕೀಲ

ಮೊದಲು ರೈತರಿಗೆ. ಗಿಡ ಬೆಳೆದದ್ದಕ್ಕೆ ಪ್ರತ್ಯೇಕ ಉಪಕಲಂ ಇದೆ, ಹತ್ತು ವರ್ಷದವರೆಗೆ ಶಿಕ್ಷೆ, ಅಲ್ಲಿ ತೂಕದ ಪ್ರಶ್ನೆ ಬರುವುದಿಲ್ಲ. ಆದರೆ ಇಡೀ ಗಿಡವನ್ನು ತೂಗಿ ವಾಣಿಜ್ಯ ಪ್ರಮಾಣ ಎಂದು ಇನ್ನೊಂದು ಆರೋಪವನ್ನೂ ಸೇರಿಸಿದಾಗ ಕಲಂ 37 ಅಡ್ಡ ಬರುತ್ತದೆ. ಆಗ ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಸಕಾರಣವಿದೆ, ಹೊರಬಂದರೆ ಮತ್ತೆ ಅಪರಾಧ ಮಾಡುವುದಿಲ್ಲ ಎಂಬ ಎರಡೂ ಮಾತು ನ್ಯಾಯಾಧೀಶರಿಗೆ ಮನವರಿಕೆಯಾದರೆ ಮಾತ್ರ ಜಾಮೀನು. ಕಾಂಡ, ಎಲೆ ಸೇರಿಸಿ ತೂಗಿದ್ದಾರೆ ಎಂಬ ವಾದವನ್ನು ಹಲವು ಹೈಕೋರ್ಟುಗಳು ಜಾಮೀನಿನ ಹಂತದಲ್ಲಿ ಒಪ್ಪಿವೆ. ಆ ವಾದ ಮಂಡಿಸುವವರೆಗಿನ ತಿಂಗಳುಗಳು ಮಾತ್ರ ಯಾರಿಗೂ ಮರಳಿ ಸಿಗುವುದಿಲ್ಲ. ಬೆಳೆಯ ಬಗ್ಗೆ ಹೇಳುವುದಾದರೆ, ಉತ್ತರಾಖಂಡ ನಾರು ಮತ್ತು ಬೀಜಕ್ಕಾಗಿ ಟಿಎಚ್‌ಸಿ ಶೇ 0.3 ಮೀರದ ತಳಿಗೆ ಲೈಸೆನ್ಸ್ ಕೊಡಲು ಆರಂಭಿಸಿತು. ಹಿಮಾಚಲ ಪ್ರದೇಶದ ವಿಧಾನಸಭೆ 2024ರಲ್ಲಿ ವೈದ್ಯಕೀಯ ಮತ್ತು ಕೈಗಾರಿಕಾ ಬಳಕೆಯ ಬೆಳೆಯ ಕುರಿತ ವರದಿಯನ್ನು ಅಂಗೀಕರಿಸಿತು. ಜಮ್ಮುವಿನಲ್ಲಿ ಕೇಂದ್ರದ ವಿಜ್ಞಾನ ಸಂಶೋಧನಾ ಮಂಡಳಿಯಾದ ಸಿಎಸ್‌ಐಆರ್‌ನ ಸಂಸ್ಥೆ ಸಂಶೋಧನೆಗೆಂದು ಬೆಳೆಸುತ್ತಿದೆ. ಸಾಧ್ಯವಿದೆ, ಆದರೆ ಈ ಚರ್ಚೆಯಲ್ಲಿ ಬೆಳೆಗಾರನ ಬೇಡಿಕೆಯನ್ನು ರೋಗಿಯ ಬೇಡಿಕೆಗೆ ಗಂಟು ಹಾಕಬೇಡಿ ಎಂದು ನಾನು ಕೇಳಿಕೊಳ್ಳುತ್ತೇನೆ. ಗಂಟು ಹಾಕಿದರೆ ಎರಡೂ ನಿಲ್ಲುತ್ತವೆ.

ಇನ್ನು ಮೇಷ್ಟ್ರೇ, ನಿಮ್ಮ ಪ್ರಶ್ನೆ ಸರಿಯಾದ ಜಾಗಕ್ಕೆ ಬಂದಿದೆ. ಥಾಯ್ಲೆಂಡ್ ಮಾಡಿದ ತಪ್ಪು ಔಷಧಕ್ಕೆ ಅವಕಾಶ ಕೊಟ್ಟದ್ದಲ್ಲ. ನಿಯಂತ್ರಣದ ಕಾನೂನು ಸಿದ್ಧವಾಗುವ ಮೊದಲೇ ಹೂವನ್ನು ಪಟ್ಟಿಯಿಂದ ತೆಗೆದದ್ದು. ಬ್ರಿಟನ್ 2018ರ ನವೆಂಬರ್ 1ರಿಂದ ತಜ್ಞ ವೈದ್ಯರಿಗೆ ಮಾತ್ರ ಇಂಥ ಔಷಧ ಬರೆಯುವ ಅಧಿಕಾರ ಕೊಟ್ಟಿತು, ಸೇದುವುದನ್ನು ಹೊರಗಿಟ್ಟಿತು. ಮೂರ್ಛೆರೋಗದ ಮಕ್ಕಳ ತಾಯಂದಿರು ಎತ್ತಿದ ದನಿಯೇ ಅಲ್ಲಿಯೂ ಕಾರಣ. ನಾವು ಕೇಳಬೇಕಾದದ್ದು ಅಂಥದ್ದು. ಅಂತಾರಾಷ್ಟ್ರೀಯ ಒಪ್ಪಂದ ಅಡ್ಡಿ ಎಂಬ ಮಾತೂ ಈಗ ಹಳತಾಯಿತು. 2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತುಗಳ ಆಯೋಗ ಗಾಂಜಾವನ್ನು 1961ರ ಒಪ್ಪಂದದ ಅತಿ ಕಠಿಣ ಪಟ್ಟಿಯಿಂದ ತೆಗೆಯಲು 27–25 ಮತಗಳಿಂದ ತೀರ್ಮಾನಿಸಿತು. ಭಾರತ ಆ ಇಪ್ಪತ್ತೇಳರಲ್ಲಿ ಒಂದಾಗಿತ್ತು. ಆ ಆಯೋಗ ಇರುವ ವಿಯೆನ್ನಾದಲ್ಲಿ ಒಪ್ಪಿದ್ದನ್ನು ದಾವಣಗೆರೆಯ ರೋಗಿಗೆ ತಲುಪಿಸುವ ನಿಯಮ ಮಾತ್ರ ಬರಬೇಕಿದೆ.

ಒಂದು ಎಚ್ಚರಿಕೆ ಅಮೆರಿಕದಿಂದ ಕಲಿಯಬೇಕು. ಕ್ಯಾಲಿಫೋರ್ನಿಯಾ 1996ರಲ್ಲೇ ರೋಗಿಗಳಿಗೆ ಅವಕಾಶ ಕೊಟ್ಟಿತು, ಆದರೆ ಕೇಂದ್ರದ ಕಾನೂನು ಬದಲಾಗಲಿಲ್ಲ. 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ರಾಜ್ಯ ಒಪ್ಪಿದ್ದರೂ ಕೇಂದ್ರ ರೋಗಿಯ ಮೇಲೆ ಕ್ರಮ ಕೈಗೊಳ್ಳಬಹುದು ಎಂದಿತು. 2015ರಲ್ಲಿ ಕೊಲರಾಡೊ ರಾಜ್ಯದ ಸುಪ್ರೀಂ ಕೋರ್ಟ್ ಮುಂದೆ ಬಂದವನು ಅಪಘಾತದಲ್ಲಿ ಕೈಕಾಲು ಸ್ವಾಧೀನ ಕಳೆದುಕೊಂಡು ಗಾಲಿಕುರ್ಚಿಯಲ್ಲಿದ್ದ ರೋಗಿ. ರಾಜ್ಯದ ಪರವಾನಗಿ ಪಡೆದು, ಕೆಲಸದ ಹೊತ್ತಿನ ಹೊರಗೆ ಔಷಧವಾಗಿ ಬಳಸಿದ್ದ. ಮಾದಕ ದ್ರವ್ಯದ ಪರೀಕ್ಷೆಯಲ್ಲಿ ಗಾಂಜಾದ ಅಂಶ ಸಿಕ್ಕಿತೆಂದು ಅವನನ್ನು ಕೆಲಸದಿಂದ ತೆಗೆದದ್ದು ಸರಿ ಎಂದು ತೀರ್ಪಾಯಿತು, ಏಕೆಂದರೆ ಕೇಂದ್ರದ ಕಾನೂನಿನಲ್ಲಿ ಅದು ಇನ್ನೂ ಅಪರಾಧ. ಹಾಗಾಗಿ ನಮ್ಮ ಮನವಿ ಎರಡೂ ಕಡೆ ಹೋಗಬೇಕು. ಕೇಂದ್ರವು ಔಷಧೀಯ ಗಾಂಜಾದ ಪರೀಕ್ಷಿತ ತಯಾರಿಕೆಗಳನ್ನು ಡಾಕ್ಟರಮ್ಮ ಹೇಳಿದ ಅತ್ಯಾವಶ್ಯಕ ಮಾದಕ ಔಷಧಗಳ ವರ್ಗಕ್ಕೆ ಸೇರಿಸಬೇಕು. ಇದಕ್ಕೆ ಸಂಸತ್ತಿನಲ್ಲಿ ಕಾಯ್ದೆ ತಿದ್ದಬೇಕಾಗಿಲ್ಲ, ಅಧಿಸೂಚನೆ ಸಾಕು. ಅದರ ಜೊತೆಗೆ 66ನೇ ನಿಯಮದ ಮಾದರಿಯಲ್ಲಿ, ತಜ್ಞರ ಚೀಟಿ ಹೊಂದಿದ ರೋಗಿ ಅಥವಾ ಪೋಷಕ ಇಂತಿಷ್ಟು ದಿನದ ಡೋಸ್ ಇಟ್ಟುಕೊಳ್ಳಬಹುದು, ಚೀಟಿಯನ್ನು ಬರೆದ ಆಸ್ಪತ್ರೆಯಲ್ಲಿ ಪರಿಶೀಲಿಸುವ ಮೊದಲು ಬಂಧಿಸುವಂತಿಲ್ಲ, ಇದೇ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ ಎಂದು ಬರೆಯಬೇಕು. ರಾಜ್ಯವು ಯಾವ ಆಸ್ಪತ್ರೆಗಳ ಔಷಧಾಲಯದಲ್ಲಿ ಸಿಗುತ್ತದೆ ಎಂಬುದನ್ನು ನಿಗದಿಪಡಿಸಬೇಕು. ಹೂವು ಬೇಡ, ಸೇದುವುದು ಬೇಡ, ಬಿಡಿ ಅಂಗಡಿ ಬೇಡ ಎಂಬ ಮೂರು ಮಾತನ್ನು ಮನವಿಯ ಮೊದಲ ಪ್ಯಾರಾದಲ್ಲೇ ಹಾಕೋಣ. ಮೇಷ್ಟ್ರು ಅದನ್ನು ತಮ್ಮ ಕೈಯಿಂದಲೇ ಬರೆದುಕೊಟ್ಟರೆ ಇನ್ನೂ ಒಳ್ಳೆಯದು.

ಅಲ್ಲಿಯವರೆಗೆ ಒಂದು ನೇರ ದಾರಿ ಪ್ರಯತ್ನಿಸಬಹುದು. ಹೊರದೇಶದ ಔಷಧವನ್ನು ಸ್ವಂತ ಬಳಕೆಗೆ ತರಿಸಲು ಔಷಧ ನಿಯಮಗಳಲ್ಲಿ 12ಎ ನಮೂನೆಯ ಅರ್ಜಿ ಇದೆ, ಒಪ್ಪಿದರೆ 12ಬಿ ನಮೂನೆಯಲ್ಲಿ ಪರವಾನಗಿ ಕೊಡುತ್ತಾರೆ. ಈ ಔಷಧ ಗಾಂಜಾ ಮೂಲದ್ದಾದ್ದರಿಂದ ಗ್ವಾಲಿಯರ್‌ನಲ್ಲಿರುವ ನಾರ್ಕೋಟಿಕ್ಸ್ ಕಮಿಷನರ್ ಕಚೇರಿಗೂ ಬರೆದು ಕೇಳಬೇಕು. ತಡವಾಗಬಹುದು, ದುಬಾರಿಯೂ ಹೌದು. ಆದರೆ ನೀವು ಕೇಳಿದ್ದಕ್ಕೆ ಬರುವ ಪ್ರತಿಯೊಂದು ಲಿಖಿತ ಉತ್ತರವೂ, ಇಲ್ಲ ಎಂಬ ಉತ್ತರ ಕೂಡ, ಮುಂದೆ ಹೈಕೋರ್ಟಿನಲ್ಲಿ ರಿಟ್ ಅರ್ಜಿಗೆ ಆಧಾರವಾಗುತ್ತದೆ.

ನಿವೃತ್ತ ಮೇಷ್ಟ್ರು, ಹಿರಿಯೂರು

ಆ ಪ್ಯಾರಾ ನಾನೇ ಬರೆಯುತ್ತೇನೆ. ಹದಿನೆಂಟರ ಒಳಗಿನವರಿಗೆ ಇಬ್ಬರು ತಜ್ಞರ ಸಹಿ ಇಲ್ಲದೆ ಕೊಡುವಂತಿಲ್ಲ ಎಂಬ ಮಾತನ್ನೂ ಸೇರಿಸಿ. ಅದಿದ್ದರೆ ಸಹಿ ಹಾಕುತ್ತೇನೆ, ನನ್ನ ತಮ್ಮನಿಂದಲೂ ಹಾಕಿಸುತ್ತೇನೆ.

ನಿಟ್ಟುವಳ್ಳಿಯ ಚಿಕ್ಕಮ್ಮ, ದಾವಣಗೆರೆ

ಎಲ್ಲರಿಗೂ ಕೈಮುಗಿದು ನಮಸ್ಕಾರ. ಮೇಷ್ಟ್ರೇ, ನಿಮ್ಮ ತಮ್ಮನವರ ಹೆಸರು ಆ ಮನವಿಯಲ್ಲಿ ನಮ್ಮ ಭಾವನ ಹೆಸರಿನ ಪಕ್ಕದಲ್ಲೇ ಇರಲಿ ಎಂದು ಅಕ್ಕ ಹೇಳಿದಳು.

ಎಣ್ಣೆ ಬೇಡವೆಂದು ಪರಿಚಯದವರಿಗೆ ನಿನ್ನೆಯೇ ತಿಳಿಸಿದೆವು. 12ಎ ನಮೂನೆಗೆ ಬೇಕಾದ ಚೀಟಿ ಬರೆಸಿಕೊಳ್ಳಲು ಸೋಮವಾರ ರಾತ್ರಿಯ ಬಸ್ಸಿಗೆ ಭಾವ ಮತ್ತು ನಾನು ಬೆಂಗಳೂರಿಗೆ ಹೋಗುತ್ತಿದ್ದೇವೆ. ಡಾಕ್ಟರ್ ಮೇಡಂ, ಹುಡುಗನ ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿ ಎಂಟು ತಿಂಗಳಾಗಿದೆ, ಹೋಗುವ ಮೊದಲು ಇಲ್ಲೇ ಮಾಡಿಸಿ ವರದಿ ಒಯ್ಯಬೇಕೇ ಎಂದು ದಯವಿಟ್ಟು ತಿಳಿಸಿ. ವಕೀಲರೇ, ನೋಟ್‌ಬುಕ್ಕುಗಳು ಒಟ್ಟು ಒಂಬತ್ತು ಇವೆ. ಎರಡನೆಯದರ ಕೆಲವು ಹಾಳೆ ನೀರು ಬಿದ್ದು ಶಾಯಿ ಹರಡಿದೆ, ಗೀಟು ಎಣಿಸಲು ಬರುತ್ತದೆ. ಅಕ್ಕ ಈಗ ಕೂತು ಎಲ್ಲಕ್ಕೂ ಪುಟದ ಸಂಖ್ಯೆ ಹಾಕುತ್ತಿದ್ದಾಳೆ. ಮನವಿಯ ಜೊತೆ ಮೂಲ ಪ್ರತಿ ಕೊಡಬೇಕೋ ನಕಲು ಸಾಕೋ?

ದುರ್ಗದ ವಕೀಲ

ನಕಲು ಸಾಕು. ಮೂಲ ಪ್ರತಿಗಳನ್ನು ಯಾರ ಕೈಗೂ ಕೊಡಬೇಡಿ.

ಮಕ್ಕಳ ವೈದ್ಯೆ, ದಾವಣಗೆರೆ

ಹೌದು, ಪರೀಕ್ಷೆ ಇಲ್ಲೇ ಮಾಡಿಸಿ ವರದಿ ಒಯ್ಯಿರಿ. ಈಗಿನ ಮಾತ್ರೆಗಳನ್ನು ಒಂದು ಹೊತ್ತೂ ತಪ್ಪಿಸಬೇಡಿ.